ಹನ್ನೊಂದನೇ ಸಾಲು

ಸಿತ್ರಾದ ಕ್ಯಾಂಪಿನ ಊಟದ ಹಾಲಿನಲ್ಲಿ
ಸಂಜೆ ಏಳಕ್ಕೂ ತಗಡು ಕಾದಿರುತ್ತದೆ.
ಮೇಜಿನ ಮೇಲೆ ಐಸ್ ಪೆಟ್ಟಿಗೆ, ಇನ್ನೂರು ಬಿಳಿ ಡಬ್ಬಿ,
ಒಂದು ಮಸಿಯ ಪ್ಯಾಡು. ಅದನ್ನು ಯಾರೂ ಹೇಳದೆಯೇ ತಂದಿದ್ದೆವು,
ಹೆಬ್ಬೆಟ್ಟುಗಳ ಅಂದಾಜು ನಮಗೆ ಮೊದಲೇ ಇತ್ತು.

ನಾನು ಜುಸ್ತಿನಾ. ಹಗಲು ಡಯಾಲಿಸಿಸ್ ವಾರ್ಡಿನ ನರ್ಸು,
ವಾರಕ್ಕೆರಡು ಸಂಜೆ ಈ ಅಧ್ಯಯನದ ಬಾಯಿ:
ಕನ್ನಡ, ಕೊಂಕಣಿ, ತುಳು, ಮುರುಕು ಹಿಂದಿ,
ಗಂಟೆಗೆ ನಾಲ್ಕು ದಿನಾರು.

ಕೇಳುವ ಪ್ರಶ್ನೆಯೇನೋ ಒಳ್ಳೆಯದೇ.
ಈ ಬಿಸಿಲು ಒಬ್ಬನ ಕಿಡ್ನಿಯನ್ನು
ಎಷ್ಟು ಬೇಸಿಗೆಗಳಲ್ಲಿ ಒಣಗಿಸುತ್ತದೆ?
ನನ್ನ ವಾರ್ಡಿನ ಆರನೇ ಹಾಸಿಗೆಗೆ ಉತ್ತರ ಗೊತ್ತು.
ಹಾಸಿಗೆ ಹೇಳಿದ್ದನ್ನು ಯಾರೂ ಅಚ್ಚು ಹಾಕುವುದಿಲ್ಲ.

ಒಪ್ಪಿಗೆ ಪತ್ರ ನಾಲ್ಕು ಪುಟ.
ಕನ್ನಡಕ್ಕೆ ತಂದವಳು ನಾನೇ.
'ಅಪಾಯ' ಇದ್ದಲ್ಲಿ 'ತೊಂದರೆ' ಎಂದು ಬರೆದೆ, ಹೆದರಬಾರದಲ್ಲ.
'ಮಾದರಿ' ಎಂದರೆ ಯಾರಿಗೆ ತಿಳಿದೀತು,
ಉಚ್ಚೆ, ರಕ್ತ ಎಂದೇ ಬರೆದೆ.
ಡಾಕ್ಟರ್ ಹೆನ್ರಿಕೆ ಪುಟ ಹಿಡಿದು ನೋಡಿದರು,
ಅಕ್ಷರ ಚೆಂದ ಎಂದರು,
ಅರ್ಥವನ್ನು ನನ್ನ ಪಾಲಿಗೆ ಬಿಟ್ಟರು.

ಬಾಗಿಲಲ್ಲಿ ಫೋರ್‌ಮನ್,
ಕೈಕಟ್ಟಿ, ಯಾರನ್ನೂ ಬೈಯದೆ.
ಬೈಯಬೇಕಾಗಿರಲಿಲ್ಲ. ಸಾಲು ತಾನೇ ನೆಟ್ಟಗಾಗುತ್ತಿತ್ತು.
ಹದಿನಾಲ್ಕು ಜನ, ಹದಿನಾಲ್ಕು ಹೆಬ್ಬೆಟ್ಟು,
ತಲೆಗೊಂದು ಫೋನ್ ರೀಚಾರ್ಜ್ ಕಾರ್ಡು.

ಆಮೇಲೆ ಯಮನೂರಪ್ಪ. ಕುಷ್ಟಗಿ ಕಡೆಯವನು,
ಕಬ್ಬಿಣದ ಸರಳು ಕಟ್ಟುವ ಕೆಲಸ.
ಕೂತ. "ಪೂರ್ತಿ ಓದ್ರಿ ಅಕ್ಕಾರ.
ಅವಸರ ಇಲ್ಲ, ಇಲ್ಲಿ ಫ್ಯಾನ್ ಐತಿ."

ಓದಿದೆ. ಹತ್ತು ಸಾಲಿಗೆ ತಲೆಯಾಡಿಸಿದ.
ಹನ್ನೊಂದನೆಯದು:
ಯಾವಾಗ ಬೇಕಾದರೂ, ಕಾರಣ ಹೇಳದೆ,
ನೀವು ಬಿಟ್ಟು ಹೋಗಬಹುದು.
ಇದರಿಂದ ನಿಮಗೆ ಯಾವ ನಷ್ಟವೂ ಆಗುವುದಿಲ್ಲ.

"ಇನ್ನೊಮ್ಮೆ."
ಓದಿದೆ.
"ಇದನ್ನ ಕಂಪನಿಯವರು ಬರದಾರೇನ್ರಿ?"
ಅಲ್ಲ, ಇದು ಅಧ್ಯಯನದ ಮಾತು, ಕೆಲಸದ್ದಲ್ಲ,
ಪಾಸ್‌ಪೋರ್ಟಿನದಂತೂ ಅಲ್ಲ...
"ಹಂಗಾದ್ರ ನನ್ನ ಉಚ್ಚಿಗೆ ಬಿಡುಗಡಿ ಐತಿ,
ನನಗಿಲ್ಲ."

ಸಾಲಿನಲ್ಲಿ ಯಾರೋ ನಕ್ಕರು.
ಫೋರ್‌ಮನ್ನಿಗೆ ಕನ್ನಡ ಬಾರದು, ನಗು ತಿಳಿಯುತ್ತದೆ.
ಒಂದು ಹೆಜ್ಜೆ ಒಳಗೆ ಬಂದ.

ಯಮನೂರಪ್ಪ ದನಿ ಇಳಿಸಿದ.
"ಕೆಟ್ಟ ಸುದ್ದಿ ಬಂದ್ರ ಮೊದಲ ಯಾರಿಗೆ ಹೇಳ್ತೀರಿ,
ನನಗೋ, ಅವಗೋ?
ಅವಗ ಗೊತ್ತಾದ್ರ ಮರುದಿನ ಟಿಕೀಟು.
ಊರಾಗ ರಕ್ತ ತೊಳಸಾಕ ನೀವು ಬರ್ತೀರೇನು?"

ನಾಲ್ಕೂ ಪುಟ ತಿರುವಿದೆ, ನಾನೇ ಬರೆದದ್ದನ್ನು.
ಫ್ರೀಜರ್ ಮೈನಸ್ ಎಂಬತ್ತು ಇರಬೇಕು ಎಂದಿತ್ತು.
ಡಬ್ಬಿಗಳು ಯಾವ ದೇಶಕ್ಕೆ, ಯಾವ ಪ್ರಯೋಗಾಲಯಕ್ಕೆ,
ಎಷ್ಟು ವರ್ಷ ಕೆಡದ ಹಾಗೆ, ಎಲ್ಲ ಇತ್ತು.
ಮನುಷ್ಯ ಎಲ್ಲಿಗೆ ಎಂದು ಇರಲಿಲ್ಲ.

ಅವನು ಪತ್ರ ಮಡಚಿ ಕೊಟ್ಟ.
ಮಸಿ ಮುಟ್ಟದ ಹೆಬ್ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡ.
ನನ್ನ ಪಟ್ಟಿಯಲ್ಲಿ ಒಂದು ಕಲಮು: ನಿರಾಕರಿಸಿದವರು.
ಕಾರಣಕ್ಕೆ ಅರ್ಧ ಇಂಚು ಜಾಗ.

ಎದ್ದು ಹೋಗಿ ಫೋರ್‌ಮನ್ನಿಗೆ ಹೇಳಿದೆ,
ಭಾಯ್, ಬಾಗಿಲಾಚೆ ನಿಲ್ಲಿ, ಇನ್ನೂ ಆಚೆ.
ಅವನು ಹೆನ್ರಿಕೆಯನ್ನು ನೋಡಿದ. ಅವರು ನನ್ನನ್ನು.
ಏನಾಯಿತು ಎಂದರು.
ಒಬ್ಬರು ಪತ್ರ ಓದಿಸಿಕೊಂಡರು ಎಂದೆ.

ತುಂಬ ಹೊತ್ತು ಬೆಂಚಿನಲ್ಲಿ ಕೂತಿದ್ದರು ಹೆನ್ರಿಕೆ.
ಹದಿನಾಲ್ಕು ಡಬ್ಬಿ ಐಸಿನಲ್ಲಿ, ಮುಚ್ಚಳ ತೆರೆದೇ ಇತ್ತು.
ಕೊನೆಗೆ ಕೇಳಿದರು: ಹನ್ನೆರಡನೇ ಸಾಲು ಏನಿರಬೇಕು?
ನನಗೆ ಗೊತ್ತಿಲ್ಲ, ಅವನಿಗೆ ಗೊತ್ತಿರಬಹುದು ಎಂದೆ.

ಅವನು ಹೊರಗೆ ನಲ್ಲಿಯ ಬಳಿ ಇದ್ದ,
ನೀಲಿ ಬಕೆಟ್ಟು, ಒಗೆಯುವ ಬಟ್ಟೆ,
ಮುಂದೆ ಒಂಬತ್ತು ಜನ.
ಅಲ್ಲೂ ಸಾಲು.
ಹೋಗಿ ಅವನ ಹಿಂದೆ ನಿಂತೆವು.